ಹತ್ತು, ಇಪ್ಪತ್ತು, ಎಂಬತ್ತು: ಜಪಾನೀ ಎಣಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕೂತು ಜಪಾನೀ ಕಲಿಸುವ ನನಗೆ ಪ್ರತಿ ಬ್ಯಾಚಿನಲ್ಲೂ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ತರಗತಿಯಲ್ಲಿ ಕೇಳಿದ್ದು, ಕಾಫಿ ಕುಡಿಯುತ್ತಾ ಕೇಳಿದ್ದು, ಪತ್ರದಲ್ಲಿ ಬರೆದು ಕಳಿಸಿದ್ದು, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಜಪಾನೀ ಪದಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಹ್ರಸ್ವ ಇದ್ದಲ್ಲಿ ಹ್ರಸ್ವ, ದೀರ್ಘ ಇದ್ದಲ್ಲಿ ದೀರ್ಘ, ಒತ್ತು ಇದ್ದಲ್ಲಿ ಒತ್ತು. ಬರೆದ ಹಾಗೇ ಓದಿ. ಒ ಮತ್ತು ಓ ಬೇರೆ ಬೇರೆ ಬರೆಯಬಲ್ಲ ನಮ್ಮ ಲಿಪಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

## ಈಗಷ್ಟೇ ಶುರು ಮಾಡಿದವರಿಗೆ

ಮೇಡಂ, ಇಚಿ, ನಿ, ಸನ್ ಬಾಯಿಪಾಠ ಆಯ್ತು. ಈಗ ಹಿತೊತ್ಸು, ಫುತತ್ಸು ಅಂತ ಇನ್ನೊಂದು ಸಾಲು ಯಾಕೆ?

ಮೊದಲನೆಯ ಸಾಲು ಚೀನಾದಿಂದ ಬಂದದ್ದು. ಇಚಿ, ನಿ, ಸನ್, ಯೊನ್, ಗೊ, ರೊಕು, ನನ, ಹಚಿ, ಕ್ಯೂ, ಜೂ. ಇದರಲ್ಲಿ ಯೊನ್ ಮತ್ತು ನನ ಮಾತ್ರ ಸ್ವಂತ ಸಾಲಿನಿಂದ ಬಂದು ಸೇರಿಕೊಂಡವು. ಎರಡನೆಯದು ಜಪಾನಿನ ಸ್ವಂತ ಸಾಲು. ಹಿತೊತ್ಸು, ಫುತತ್ಸು, ಮಿತ್ತ್ಸು, ಯೊತ್ತ್ಸು, ಇತ್ಸುತ್ಸು, ಮುತ್ತ್ಸು, ನನತ್ಸು, ಯತ್ತ್ಸು, ಕೊಕೊನೊತ್ಸು, ತೋ.

ನಮಗೂ ಎರಡು ಸಾಲು ಇವೆ. ಒಂದು, ಎರಡು, ಮೂರು ನಮ್ಮದು. ಏಕ, ದ್ವಿ, ತ್ರಿ ಸಂಸ್ಕೃತದ್ದು. ತ್ರಿಕೋನ ಅನ್ನುತ್ತೇವೆ, ದ್ವಿಚಕ್ರ ವಾಹನ ಅನ್ನುತ್ತೇವೆ. ಆದರೆ ಹೋಟೆಲಿನಲ್ಲಿ ಯಾರೂ ತ್ರಿ ಇಡ್ಲಿ ಕೇಳುವುದಿಲ್ಲ. ಯಾವ ಪದದ ಜೊತೆ ಯಾವ ಸಾಲು ಕೂರುತ್ತದೆ ಎಂದು ನಮಗೆ ಗೊತ್ತು. ಜಪಾನಿನಲ್ಲಿ ಎರಡೂ ಸಾಲು ದಿನಬಳಕೆಗೆ ಬರುತ್ತವೆ, ಅಷ್ಟೇ ವ್ಯತ್ಯಾಸ.

ಸ್ವಂತ ಸಾಲನ್ನು ನೆನಪಿಡಲು ಒಂದು ದಾರಿ ಇದೆ. ಒಂದರ ದುಪ್ಪಟ್ಟು ಎರಡು: ಹಿ, ಫು. ಮೂರರ ದುಪ್ಪಟ್ಟು ಆರು: ಮಿ, ಮು. ನಾಲ್ಕರ ದುಪ್ಪಟ್ಟು ಎಂಟು: ಯೊ, ಯ. ವ್ಯಂಜನ ಅದೇ, ಸ್ವರ ಮಾತ್ರ ಬದಲು. ಹಿ ಮತ್ತು ಫು ಇವತ್ತು ಬೇರೆ ಬೇರೆ ಕೇಳಿಸಿದರೂ ಜಪಾನೀ ಅಕ್ಷರಮಾಲೆಯಲ್ಲಿ ಎರಡೂ ಒಂದೇ ಹ ಸಾಲಿನವು. ಒಮ್ಮೆ ಕಿವಿಗೆ ಬಿದ್ದರೆ ಇದು ಮರೆಯುವುದಿಲ್ಲ.

ಎಣಿಕೆ ಪದ ಅಂದ್ರೆ ಏನು? ಕನ್ನಡದಲ್ಲಿ ಅಂಥದ್ದು ಇಲ್ಲವಲ್ಲ?

ಸಂಖ್ಯೆಗೆ ಅಂಟಿಕೊಂಡು ಬರುವ, "ಇದು ಎಂಥ ವಸ್ತು" ಎಂದು ಹೇಳುವ ಪದ. ಜಪಾನೀ ಹೆಸರು ಜೊಸೂಶಿ. ಕನ್ನಡದಲ್ಲಿ ಇಲ್ಲ ಎನ್ನುವ ಮುಂಚೆ ಒಂದು ಸಲ ಮಾರ್ಕೆಟ್ಟಿಗೆ ಹೋಗಿ ಬನ್ನಿ. ಎರಡು ಮೊಳ ಮಲ್ಲಿಗೆ. ಮೂರು ಕಟ್ಟು ಸೊಪ್ಪು. ಒಂದು ಚಿಪ್ಪು ಬಾಳೆಹಣ್ಣು. ನಾಲ್ಕು ಎಸಳು ಬೆಳ್ಳುಳ್ಳಿ. ಒಂದು ಜೊತೆ ಚಪ್ಪಲಿ. ಇವೆಲ್ಲ ಅದೇ ಕೆಲಸ ಮಾಡುತ್ತವೆ.

ವ್ಯತ್ಯಾಸ ಇರುವುದು ಇಲ್ಲಿ. ನಾವು ಎರಡು ಪೆನ್ಸಿಲ್, ಎರಡು ಪುಸ್ತಕ, ಎರಡು ನಾಯಿ ಎಂದು ಸುಮ್ನೆ ಸಂಖ್ಯೆ ಹಾಕಿ ಮುಗಿಸುತ್ತೇವೆ. ಜಪಾನೀ ಭಾಷೆ ಅಷ್ಟಕ್ಕೆ ಬಿಡುವುದಿಲ್ಲ. ಪೆನ್ಸಿಲಿಗೆ ನಿಹೊನ್, ಪುಸ್ತಕಕ್ಕೆ ನಿಸತ್ಸು, ನಾಯಿಗೆ ನಿಹಿಕಿ.

ನೂರಾರು ಇವೆಯಂತೆ. ಎಷ್ಟು ಕಲಿತರೆ ಸಾಕು?

ಮೊದಲ ಆರು ತಿಂಗಳಿಗೆ ಹತ್ತು ಸಾಕು. ಚಪ್ಪಟೆಯಾದ, ತೆಳ್ಳಗಿನ ವಸ್ತುಗಳಿಗೆ ಮಇ: ಕಾಗದ, ಟಿಕೆಟ್, ಅಂಗಿ, ತಟ್ಟೆ. ಉದ್ದನೆಯವಕ್ಕೆ ಹೊನ್. ಸಣ್ಣ, ಉಂಡೆಯಂಥವಕ್ಕೆ ಕೊ. ಪುಸ್ತಕಕ್ಕೆ ಸತ್ಸು. ಯಂತ್ರ ಮತ್ತು ವಾಹನಗಳಿಗೆ ದಇ. ಲೋಟದಲ್ಲೋ ಬಟ್ಟಲಲ್ಲೋ ತುಂಬಿದ್ದಕ್ಕೆ ಹಇ. ಸಣ್ಣ ಪ್ರಾಣಿಗಳಿಗೆ ಹಿಕಿ. ಜನಕ್ಕೆ ನಿನ್. ವಯಸ್ಸಿಗೆ ಸಇ. ಎಷ್ಟು ಸಲ ಎನ್ನುವುದಕ್ಕೆ ಕಇ.

ಮಇ ಮತ್ತು ದಇಯಿಂದ ಶುರು ಮಾಡಿ. ಇವೆರಡರಲ್ಲಿ ಉಚ್ಚಾರ ಎಲ್ಲೂ ಬದಲಾಗುವುದಿಲ್ಲ. ಇಚಿಮಇ, ನಿಮಇ, ಸಮ್ಮಇ ಎಂದು ಹತ್ತರವರೆಗೂ ನೇರವಾಗಿ ಹೋಗುತ್ತದೆ. ಮೊದಲ ವಾರ ಇಷ್ಟಾದರೂ ಧೈರ್ಯ ಬರಲಿ.

ಸರಿಯಾದ ಎಣಿಕೆ ಪದ ಮರೆತುಹೋದರೆ ಏನು ಮಾಡಲಿ?

ಹಿತೊತ್ಸು, ಫುತತ್ಸು ಸಾಲಿಗೆ ಬನ್ನಿ. ವಸ್ತು ಯಾವುದೇ ಇರಲಿ, ಒಂಬತ್ತರವರೆಗೆ ತ್ಸು, ಹತ್ತಕ್ಕೆ ತೋ. ಅಂಗಡಿಯಲ್ಲಿ, ಹೋಟೆಲಿನಲ್ಲಿ ಜಪಾನಿನವರೂ ಹೀಗೇ ಕೇಳುತ್ತಾರೆ. ಕಾಫಿ ಎರಡು ಬೇಕಾದರೆ "ಕೋಹೀ ಫುತತ್ಸು" ಎಂದರೆ ಮುಗಿಯಿತು. ಹನ್ನೊಂದರಿಂದ ಆಚೆಗೆ ಈ ಸಾಲು ಇಲ್ಲ, ಅಲ್ಲಿ ಜೂಇಚಿ, ಜೂನಿ ಎಂದು ಚೀನೀ ಸಾಲೇ. ಒಂದು ಎಚ್ಚರ: ಜನರನ್ನು ಮತ್ತು ಪ್ರಾಣಿಗಳನ್ನು ಈ ಸಾಲಿನಲ್ಲಿ ಎಣಿಸಬೇಡಿ. ವಸ್ತುಗಳ ಹಾಗೆ ಕೇಳಿಸುತ್ತದೆ.

ಜನರನ್ನು ಎಣಿಸುವಾಗ ಇಚಿನಿನ್, ನಿನಿನ್ ಅಂದೆ. ತಪ್ಪು ಅಂದರು. ಯಾಕೆ?

ಒಬ್ಬರಿಗೆ ಹಿತೊರಿ, ಇಬ್ಬರಿಗೆ ಫುತರಿ. ಮೂವರಿಂದ ಸನ್ನಿನ್, ಯೊನಿನ್, ಗೊನಿನ್. ನಾಲ್ಕರಲ್ಲಿ ಯೊನ್ನಿನ್ ಅಲ್ಲ, ಯೊನಿನ್.

ಕನ್ನಡದವರಿಗೆ ಇದು ಹೊಸದಾಗಿ ಕಾಣಬಾರದು. ಒಂದು ಜನ, ಎರಡು ಜನ ಎಂದು ನಾವೂ ಹೇಳುವುದಿಲ್ಲ. ಒಬ್ಬರು, ಇಬ್ಬರು. ಮುಂದೆ ಮೂವರು, ನಾಲ್ವರು, ಐವರು ಇದ್ದರೂ ಮಾತಿನಲ್ಲಿ ಮೂರು ಜನ, ಐದು ಜನ ಎಂದು ಜಾರುತ್ತೇವೆ. ಆರರ ನಂತರವಂತೂ ಜನವೇ. ಜಪಾನಿನವರು ಆ ಜಾರುವ ಜಾಗವನ್ನು ಎರಡಕ್ಕೇ ನಿಲ್ಲಿಸಿದ್ದಾರೆ. ಹಿತೊರಿಯನ್ನು ಒಬ್ಬರು ಎಂದೂ ಫುತರಿಯನ್ನು ಇಬ್ಬರು ಎಂದೂ ನಿನ್ ಅನ್ನು ಜನ ಎಂದೂ ಮನಸ್ಸಿನಲ್ಲಿ ಹಾಕಿಕೊಳ್ಳಿ.

ಹೋಟೆಲಿನ ಬಾಗಿಲಲ್ಲಿ ನಿಮ್ಮನ್ನು "ನಮ್ಮೇ ಸಮ ದೆಸು ಕ" ಎಂದು ಕೇಳುತ್ತಾರೆ. ಎಷ್ಟು ಮಂದಿ ಎಂದು ಮರ್ಯಾದೆಯಿಂದ ಕೇಳುವ ರೀತಿ ಅದು, ಅಲ್ಲಿ ಎಣಿಕೆ ಪದ ಮೇ. ಉತ್ತರ ಕೊಡುವಾಗ ನಿಮ್ಮನ್ನು ನೀವೇ ಮೇ ಹಾಕಿ ಎಣಿಸಿಕೊಳ್ಳಬೇಕಿಲ್ಲ. ಎರಡು ಬೆರಳು ತೋರಿಸಿ "ಫುತರಿ ದೆಸು" ಅನ್ನಿ.

ವಾಕ್ಯದಲ್ಲಿ ಸಂಖ್ಯೆ ಎಲ್ಲಿ ಕೂರಬೇಕು?

ನೀವು ತರಕಾರಿ ಅಂಗಡಿಯಲ್ಲಿ ಹೇಳುವ ಹಾಗೆ. "ನಿಂಬೆಹಣ್ಣು ಮೂರು ಕೊಡಿ." ವಸ್ತು ಮೊದಲು, ಸಂಖ್ಯೆ ಆಮೇಲೆ, ಕ್ರಿಯಾಪದ ಕೊನೆಗೆ. ಜಪಾನೀಯಲ್ಲಿ "ರಿಂಗೊ ಒ ಮಿತ್ತ್ಸು ಕುದಸಇ", ಸೇಬು ಮೂರು ಕೊಡಿ. ಒ ಎನ್ನುವ ಪ್ರತ್ಯಯ ಸೇಬಿಗೆ ಅಂಟುತ್ತದೆ, ಸಂಖ್ಯೆಗೆ ಏನೂ ಅಂಟುವುದಿಲ್ಲ. ಇಂಗ್ಲಿಷಿನ ಮೂಲಕ ಯೋಚಿಸಿದವರು ಸಂಖ್ಯೆಯನ್ನು ಮುಂದೆ ತಂದು ಒದ್ದಾಡುತ್ತಾರೆ. ಕನ್ನಡದಿಂದ ನೇರವಾಗಿ ಹೋಗಿ.

ನಾಲ್ಕಕ್ಕೆ ಶಿ, ಯೊನ್, ಯೊ. ಏಳಕ್ಕೆ ಶಿಚಿ, ನನ. ಒಂಬತ್ತಕ್ಕೆ ಕ್ಯೂ, ಕು. ಯಾವಾಗ ಯಾವುದು?

ಸಾಮಾನ್ಯವಾಗಿ ಯೊನ್, ನನ, ಕ್ಯೂ. ಶಿ ಎಂದರೆ ಸಾವು ಎಂಬ ಪದವೂ ಹೌದು, ಕು ಎಂದರೆ ಕಷ್ಟ. ಅದಕ್ಕೇ ಕೆಲವು ಆಸ್ಪತ್ರೆಗಳಲ್ಲಿ 4 ಮತ್ತು 9ರ ಕೋಣೆಗಳೇ ಇರುವುದಿಲ್ಲ. ಶಿಚಿಯದು ಬೇರೆ ತೊಂದರೆ, ಅದು ಇಚಿಯ ಹಾಗೆ ಕೇಳಿಸುತ್ತದೆ. ಫೋನ್ ನಂಬರ್ ಹೇಳುವಾಗ ನನ ಎನ್ನುವುದೇ ವಾಸಿ.

ಆದರೆ ತಿಂಗಳು ಮತ್ತು ಗಂಟೆಗಳು ಹಳೆಯ ರೂಪವನ್ನು ಬಿಟ್ಟಿಲ್ಲ. ಏಪ್ರಿಲ್ ಶಿಗತ್ಸು, ಜುಲೈ ಶಿಚಿಗತ್ಸು, ಸೆಪ್ಟೆಂಬರ್ ಕುಗತ್ಸು. ನಾಲ್ಕು ಗಂಟೆ ಯೊಜಿ, ಏಳು ಗಂಟೆ ಶಿಚಿಜಿ, ಒಂಬತ್ತು ಗಂಟೆ ಕುಜಿ. ಈ ಆರನ್ನು ಇವತ್ತೇ ಬಾಯಿಪಾಠ ಮಾಡಿ. ನಾಲ್ಕು ವರ್ಷಕ್ಕೆ ಯೊನೆನ್, ಅಲ್ಲೂ ಯೊ.

ಗಮನಿಸುವ ಇನ್ನೊಂದು ಸಂಗತಿ. ಒಂದರಿಂದ ಹತ್ತಕ್ಕೆ ಏರುವಾಗ ತುಂಬಾ ಜನ ಶಿ, ಶಿಚಿ ಎನ್ನುತ್ತಾರೆ. ಅದೇ ಜನ ಹತ್ತರಿಂದ ಇಳಿಯುವಾಗ ನನ, ಯೊನ್ ಎನ್ನುತ್ತಾರೆ. ಯಾರಾದರೂ ಜಪಾನೀ ಗೆಳೆಯರಿಗೆ ಹಿಂದಿನಿಂದ ಎಣಿಸಲು ಹೇಳಿ ಕೇಳಿಸಿಕೊಳ್ಳಿ.

## ಸ್ವಲ್ಪ ದೂರ ಬಂದವರಿಗೆ

ಇಪ್ಪೊನ್, ನಿಹೊನ್, ಸಂಬೊನ್. ಒಂದೇ ಪದ ಮೂರು ಥರ ಯಾಕೆ? ಇದನ್ನು ಹೇಗೆ ನೆನಪಿಡೋದು?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆಯೂ ಇದೇ.

ಜೋರಾಗಿ ಹೇಳಿ: ಹತ್ತು. ಇಪ್ಪತ್ತು. ಎಂಬತ್ತು.

ಏನಾಯಿತು? ಒಂದೇ ಪದ. ಒಂಟಿಯಾಗಿದ್ದಾಗ ಹ. ಇಪ್ಪತ್ತರಲ್ಲಿ ಪ್ಪ. ಎಂಬತ್ತರಲ್ಲಿ ಬ. ಈಗ ಹೇಳಿ: ಹೊನ್, ಇಪ್ಪೊನ್, ಸಂಬೊನ್. ಹ, ಪ್ಪ, ಬ. ಮೂರೂ ಅದೇ ಕ್ರಮದಲ್ಲಿ.

ಇದು ಬರೀ ಕಾಕತಾಳೀಯ ಅಲ್ಲ. ಎರಡು ಭಾಷೆಗಳಿಗೆ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಎರಡರಲ್ಲೂ ಒಂದೇ ಬಗೆಯ ಬದಲಾವಣೆ ಆಗಿದೆ. ಹಳಗನ್ನಡದಲ್ಲಿ ಹಾಲು ಪಾಲ್ ಆಗಿತ್ತು, ಹೂವು ಪೂ ಆಗಿತ್ತು, ಹತ್ತು ಪತ್ತು ಆಗಿತ್ತು. ಆಮೇಲೆ ಪದದ ಮೊದಲಿನ ಪ ಸವೆದು ಹ ಆಯಿತು. ಆದರೆ ಇನ್ನೊಂದು ಪದದ ಜೊತೆ ಗಟ್ಟಿಯಾಗಿ ಅಂಟಿಕೊಂಡ ಕಡೆ ಹಳೆಯ ಪ ಉಳಿಯಿತು, ಇಪ್ಪತ್ತು. ಅನುನಾಸಿಕದ ಪಕ್ಕ ಇದ್ದಲ್ಲಿ ಅದು ಬ ಆಯಿತು, ಎಣ್ ಮತ್ತು ಪತ್ತು ಸೇರಿ ಎಂಬತ್ತು. ಕಣ್ ಮತ್ತು ಪನಿ ಸೇರಿ ಕಂಬನಿ ಆದದ್ದೂ ಹೀಗೇ. ಶಾಲೆಯಲ್ಲಿ ಆದೇಶ ಸಂಧಿ ಎಂದು ಕಲಿತದ್ದು ನೆನಪಿದೆಯಾ? ಕ, ತ, ಪಗಳಿಗೆ ಗ, ದ, ಬಗಳು.

ಜಪಾನೀಯಲ್ಲೂ ಇವತ್ತಿನ ಹ ಒಂದು ಕಾಲಕ್ಕೆ ಪ ಆಗಿತ್ತು. ಅದು ನಡುವೆ ಫ ಆಗಿ, ಆಮೇಲೆ ಹ ಆಯಿತು. 1603ರಲ್ಲಿ ನಾಗಸಾಕಿಯಲ್ಲಿ ಕ್ರೈಸ್ತ ಪಾದ್ರಿಗಳು ಅಚ್ಚು ಹಾಕಿದ ಜಪಾನೀ-ಪೋರ್ಚುಗೀಸ್ ನಿಘಂಟಿನಲ್ಲಿ ಹೂವಿಗೆ ಹನ ಎಂದಿಲ್ಲ, ಫನ ಎಂದಿದೆ. ಅಂದರೆ ಆ ಪಾದ್ರಿಗಳ ಕಿವಿಗೆ ಇನ್ನೂ ಫ ಕೇಳುತ್ತಿತ್ತು. ಇವತ್ತಿಗೂ ಫುತತ್ಸು, ಫುತರಿ ಎನ್ನುವಾಗಿನ ಫು ಆ ನಡುವಿನ ಹಂತದ ಉಳಿಕೆ. ದೀಪ ಆರಿಸಲು ಊದುವಾಗ ತುಟಿ ಹೇಗೆ ಇರುತ್ತದೋ ಹಾಗೆ ಇಟ್ಟು ಹೇಳಬೇಕು, ಹಲ್ಲು ತುಟಿಗೆ ತಾಗಬಾರದು.

ಹೀಗಾಗಿ ಇಪ್ಪೊನ್ ಅನ್ನು ಅಪವಾದ ಎಂದು ಉರು ಹೊಡೆಯಬೇಡಿ. ಇಪ್ಪತ್ತು ಎಂದು ಹೇಳುವ ಬಾಯಿಗೆ ಇಪ್ಪೊನ್ ಬರುತ್ತದೆ.

ಹಾಗಾದರೆ ಒತ್ತಕ್ಷರ ಯಾವ ಸಂಖ್ಯೆಗಳಲ್ಲಿ ಬರುತ್ತೆ? ನಿಯಮ ಇದೆಯಾ?

ಇದೆ. ಒತ್ತು ಬರುವುದು 1, 6, 8, 10ರಲ್ಲಿ. ಎಣಿಕೆ ಪದ ಕ ಅಥವಾ ಹ ಇಂದ ಶುರುವಾದರೆ ನಾಲ್ಕರಲ್ಲೂ ಒತ್ತು: ಇಕ್ಕೊ, ರೊಕ್ಕೊ, ಹಕ್ಕೊ, ಜುಕ್ಕೊ. ಇಪ್ಪೊನ್, ರೊಪ್ಪೊನ್, ಹಪ್ಪೊನ್, ಜುಪ್ಪೊನ್. ಸ ಅಥವಾ ತ ಇಂದ ಶುರುವಾದರೆ ಆರು ಹಿಂದೆ ಉಳಿಯುತ್ತದೆ: ಇಸ್ಸತ್ಸು, ರೊಕುಸತ್ಸು, ಹಸ್ಸತ್ಸು, ಜುಸ್ಸತ್ಸು. ಮ, ನ, ದ, ಜ ಮುಂತಾದ ಉಳಿದವುಗಳಲ್ಲಿ ಒತ್ತೇ ಇಲ್ಲ. 2, 5, 9 ಯಾವಾಗಲೂ ಸಾಧು.

ಕಾರಣ ಹಳೆಯ ಚೀನೀ ಉಚ್ಚಾರದಲ್ಲಿದೆ. ಅಲ್ಲಿ ಒಂದು, ಎಂಟು ತ್ ಇಂದ, ಆರು ಕ್ ಇಂದ, ಹತ್ತು ಪ್ ಇಂದ ಮುಗಿಯುತ್ತಿದ್ದವು. ಹಾಂಗ್‌ಕಾಂಗ್‌ನ ಕ್ಯಾಂಟೊನೀಸ್‌ನಲ್ಲಿ ಇವತ್ತೂ ಯತ್, ಲುಕ್, ಬಾತ್, ಸಪ್ ಎಂದೇ ಕೇಳಬಹುದು. ಆ ಅರ್ಧ ವ್ಯಂಜನ ಮುಂದಿನ ವ್ಯಂಜನಕ್ಕೆ ಬಡಿದು ಒತ್ತಾಯಿತು. ಏಳು ಕೂಡಾ ತ್ ಇಂದಲೇ ಮುಗಿಯುತ್ತಿತ್ತು. ಆದರೆ ಎಣಿಸುವಾಗ ಶಿಚಿಯ ಜಾಗಕ್ಕೆ ಸ್ವಂತ ಸಾಲಿನ ನನ ಬಂದು ಕೂತಿದ್ದರಿಂದ ಅಲ್ಲಿ ಒತ್ತು ಕಾಣುವುದಿಲ್ಲ.

ಸಂಬೊನ್ ಸರಿ. ಆದರೆ ಮೂರು ನಿಮಿಷ ಸಂಬುನ್ ಅಲ್ಲ, ಸಂಪುನ್ ಯಾಕೆ?

ಇದಕ್ಕೆ ಅಚ್ಚುಕಟ್ಟಾದ ನಿಯಮ ಕೊಡಲು ಆಗುವುದಿಲ್ಲ. ಎರಡು ಗುಂಪು ಮಾಡಿಕೊಳ್ಳಿ. ಬ ಗುಂಪು: ಸಂಬೊನ್, ಸಂಬಿಕಿ, ಸಂಬಇ, ಮುನ್ನೂರಕ್ಕೆ ಸಂಬ್ಯಕು. ಪ ಗುಂಪು: ಮೂರು ನಿಮಿಷಕ್ಕೆ ಸಂಪುನ್, ಮೂರು ರಾತ್ರಿ ತಂಗುವುದಕ್ಕೆ ಸಂಪಕು, ಮೂರು ಹೆಜ್ಜೆಗೆ ಸಂಪೊ. ನಿಮಿಷದಲ್ಲಿ ನಾಲ್ಕು ಕೂಡಾ ಬದಲಾಗುತ್ತದೆ, ಯೊಂಪುನ್.

ಕ ಮತ್ತು ಸ ಇಂದ ಶುರುವಾಗುವ ಕೆಲವು ಪದಗಳೂ ಮೂರರ ಮುಂದೆ ಮೆದುವಾಗುತ್ತವೆ. ಮೂರು ಸಾವಿರ ಸಂಜೆನ್. ಮೂರು ಮನೆ ಸಂಗೆನ್. ಮೂರು ಜೊತೆ ಚಪ್ಪಲಿ ಸಂಜೊಕು.

ಇಲ್ಲೊಂದು ಉಳಿತಾಯ ಇದೆ. "ಎಷ್ಟು" ಎಂದು ಕೇಳುವ ನನ್ ಸಾಮಾನ್ಯವಾಗಿ ಮೂರರ ಹಾದಿಯಲ್ಲೇ ಹೋಗುತ್ತದೆ. ಸಂಬೊನ್ ಆದರೆ ನಂಬೊನ್. ಸಂಪುನ್ ಆದರೆ ನಂಪುನ್. ಸಂಬ್ಯಕು ಆದರೆ ನಂಬ್ಯಕು. ಒಂದನ್ನು ಕಲಿತರೆ ಇನ್ನೊಂದು ಸಿಕ್ಕಿತು.

ಮಹಡಿಗೂ ಕಇ, ಎಷ್ಟು ಸಲ ಅನ್ನೋದಕ್ಕೂ ಕಇ. ಗೊಂದಲ ಆಗಲ್ವಾ?

ಮೂರರಲ್ಲಿ ಬೇರೆಯಾಗುತ್ತವೆ. ಮೂರನೇ ಮಹಡಿ ಸಂಗಇ, ಮೂರು ಸಲ ಸಂಕಇ. ಉಳಿದ ಕಡೆ ಸಂದರ್ಭದಿಂದ ತಿಳಿಯುತ್ತದೆ. ಅದಕ್ಕಿಂತ ಗಮನ ಕೊಡಬೇಕಾದದ್ದು ಬೇರೆ ಇದೆ. ನಮ್ಮಲ್ಲಿ ಗ್ರೌಂಡ್ ಫ್ಲೋರ್ ಆದ ಮೇಲೆ ಫಸ್ಟ್ ಫ್ಲೋರ್. ಜಪಾನಿನಲ್ಲಿ ನೆಲದ ಮಟ್ಟವೇ ಇಕ್ಕಇ. ನಮ್ಮ ಫಸ್ಟ್ ಫ್ಲೋರ್ ಅವರ ನಿಕಇ. ಮೀಟಿಂಗ್ ಸಂಗಇಯಲ್ಲಿ ಎಂದರೆ ನಮ್ಮ ಲೆಕ್ಕದ ಸೆಕೆಂಡ್ ಫ್ಲೋರಿಗೆ ಹೋಗಿ.

ತಾರೀಖುಗಳು ತಲೆಗೆ ಹತ್ತುತ್ತಿಲ್ಲ. ಏನಾದರೂ ದಾರಿ ಹೇಳಿ.

ಮೊದಲ ಹತ್ತು ದಿನ ಸ್ವಂತ ಸಾಲಿನವು. ತ್ಸುಇತಚಿ, ಫುತ್ಸುಕ, ಮಿಕ್ಕ, ಯೊಕ್ಕ, ಇತ್ಸುಕ, ಮುಇಕ, ನನೊಕ, ಯೋಕ, ಕೊಕೊನೊಕ, ತೋಕ. ಮೊದಲನೆಯದು ತ್ಸುಕಿ ಮತ್ತು ತಚಿ ಸೇರಿ ಆದದ್ದು. ಚಂದ್ರ ಹೊರಡುವುದು, ಅಂದರೆ ಹೊಸ ತಿಂಗಳ ಆರಂಭ. ತಿಂಗಳು ಎಂದರೆ ನಮಗೂ ಚಂದ್ರನೇ ಅಲ್ವಾ? ಹನ್ನೊಂದರಿಂದ ಜೂಇಚಿನಿಚಿ, ಜೂನಿನಿಚಿ ಎಂದು ಸುಲಭ. ನಡುವೆ ಮೂರು ಮಾತ್ರ ಎಡವುತ್ತವೆ: 14 ಜೂಯೊಕ್ಕ, 20 ಹತ್ಸುಕ, 24 ನಿಜೂಯೊಕ್ಕ.

ನಿಜವಾದ ಅಪಾಯ 4 ಮತ್ತು 8ರ ನಡುವೆ. ಯೊಕ್ಕ ನಾಲ್ಕು, ಯೋಕ ಎಂಟು. ಮೊದಲ ಸಲ ಒಸಾಕಾಗೆ ಹೋದಾಗ ಒಂದು ಕಚೇರಿಯಿಂದ ನನಗೆ ಫೋನ್ ಬಂತು. ಅವರು ಹೇಳಿದ್ದು ಯೋಕ. ನಾನು ಕೇಳಿಸಿಕೊಂಡಿದ್ದು ಯೊಕ್ಕ. ನಾಲ್ಕನೇ ತಾರೀಖು ಬೆಳಿಗ್ಗೆ, ಮಳೆಯಲ್ಲಿ, ಎರಡು ರೈಲು ಬದಲಿಸಿ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ರಿಜಿಸ್ಟರ್ ತಿರುಗಿಸಿ, ನನ್ನ ಹೆಸರಿನ ಪಕ್ಕದ 8ರ ಮೇಲೆ ಬೆರಳಿಟ್ಟು ತೋರಿಸಿದರು. ಅಂದಿನಿಂದ ನಾನು ವಾರವನ್ನೂ ಸೇರಿಸಿಯೇ ತಿರುಗಿ ಕೇಳುತ್ತೇನೆ: "ಸುಇಯೋಬಿ ನೊ ಯೋಕ ದೆಸು ನೆ", ಬುಧವಾರ ಎಂಟನೇ ತಾರೀಖು ಅಲ್ವಾ? ನೀವೂ ಹಾಗೆ ಕೇಳಿ.

ನೆನಪಿಗೆ ಎರಡು ಊರು ಕೊಡುತ್ತೇನೆ. ಮಿಯೆ ಪ್ರಾಂತದಲ್ಲಿ ಯೊಕ್ಕಇಚಿ ಎಂಬ ನಗರ ಇದೆ, 4ನೇ ತಾರೀಖಿನ ಸಂತೆ ಎಂದು ಅರ್ಥ. ಶಿಗಾ ಪ್ರಾಂತದಲ್ಲಿ ಯೋಕಇಚಿ ಇದೆ, 8ನೇ ತಾರೀಖಿನ ಸಂತೆ. ಸಂತೆಯ ದಿನವೇ ಊರಿನ ಹೆಸರಾಗುವುದು ನಮಗೇನು ಹೊಸದೇ? ಕೊಡಗಿನ ಶನಿವಾರಸಂತೆ ಇಲ್ಲವೇ?

ಇಚಿಗತ್ಸು ಮತ್ತು ಇಕ್ಕಗೆತ್ಸು ಎರಡೂ ಒಂದು ತಿಂಗಳೇ ಅಲ್ವಾ?

ಅಲ್ಲ. ಇಚಿಗತ್ಸು ಜನವರಿ. ಇಕ್ಕಗೆತ್ಸು ಒಂದು ತಿಂಗಳ ಅವಧಿ. ಹಾಗೇ ಸಂಜಿ ಮೂರು ಗಂಟೆ ಎಂಬ ಹೊತ್ತು, ಸಂಜಿಕನ್ ಮೂರು ತಾಸು. ತ್ಸುಇತಚಿ ಒಂದನೇ ತಾರೀಖು, ಇಚಿನಿಚಿ ಒಂದು ದಿನ. ಹೋಟೆಲ್ ಬುಕ್ ಮಾಡುವಾಗ "ಇಪ್ಪಕು ಫುತ್ಸುಕ" ಎಂದು ಕಾಣುತ್ತದೆ, ಒಂದು ರಾತ್ರಿ ಎರಡು ದಿನ. ಎಷ್ಟು ಚಿಕ್ಕ ಮಾತು, ಅದರೊಳಗೆ ಎರಡೂ ಸಾಲುಗಳು ಪಕ್ಕಪಕ್ಕ ಕೂತಿವೆ ನೋಡಿ.

ಲಕ್ಷ, ಕೋಟಿಯನ್ನು ಜಪಾನೀಯಲ್ಲಿ ಹೇಗೆ ಹೇಳೋದು? ಮಿಲಿಯನ್‌ಗೆ ಹೋಗಿ ಬರಬೇಕಾ?

ಬೇಡ. ಮಿಲಿಯನ್ ದಾರಿ ಸುತ್ತು. ಜಪಾನೀ ಎಣಿಕೆ ನಾಲ್ಕು ಸೊನ್ನೆಗೊಮ್ಮೆ ಹೊಸ ಹೆಸರು ಪಡೆಯುತ್ತದೆ. ಹತ್ತು ಸಾವಿರಕ್ಕೆ ಮನ್. ಹತ್ತು ಕೋಟಿಗೆ ಒಕು. ಲಕ್ಷ ಕೋಟಿಗೆ ಚೋ. ನಮ್ಮ ಲೆಕ್ಕದ ಜೊತೆ ಜೋಡಿಸಿ ಹೀಗೆ ಇಟ್ಟುಕೊಳ್ಳಿ: ಒಂದು ಲಕ್ಷ ಎಂದರೆ ಹತ್ತು ಮನ್, ಜೂಮನ್. ಹತ್ತು ಲಕ್ಷ ಹ್ಯಕುಮನ್. ಒಂದು ಕೋಟಿ ಸಾವಿರ ಮನ್, ಇಸ್ಸೆಮ್ಮನ್. ಹತ್ತು ಕೋಟಿ ಇಚಿಒಕು. ಬಜೆಟ್ ಸುದ್ದಿಯಲ್ಲಿ ಬರುವ ಒಂದು ಲಕ್ಷ ಕೋಟಿ ಇಚ್ಚೋ.

ಅಂದರೆ ಲಕ್ಷದ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿದರೆ ಮನ್ ಸಿಗುತ್ತದೆ. 25 ಲಕ್ಷ, 250 ಮನ್, ನಿಹ್ಯಕು ಗೊಜೂಮನ್. ಕೋಟಿಗೆ ಮೂರು ಸೊನ್ನೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ, ಅದು 6110 ಮನ್: ರೊಕುಸೆನ್ ಹ್ಯಕು ಜೂಮನ್.

ಬರೆಯುವಾಗ ಮಾತ್ರ ಅವರೂ ಮೂರು ಅಂಕಿಗೊಮ್ಮೆ ಅಲ್ಪವಿರಾಮ ಹಾಕುತ್ತಾರೆ. ಹೀಗಾಗಿ 250,000 ಯೆನ್ ಎಂದು ಕಂಡರೂ ಓದುವುದು ನಿಜೂಗೊಮನ್ ಎನ್. ಕಣ್ಣಿಗೆ ಒಂದು ಗುಂಪು, ಬಾಯಿಗೆ ಇನ್ನೊಂದು. ನೂರು ಸುಮ್ನೆ ಹ್ಯಕು, ಸಾವಿರ ಸುಮ್ನೆ ಸೆನ್, ಆದರೆ ಹತ್ತು ಸಾವಿರಕ್ಕೆ ಇಚಿ ಬೇಕೇ ಬೇಕು, ಇಚಿಮನ್. ಎಡವುವ ಐದು ಇವು: 300 ಸಂಬ್ಯಕು, 600 ರೊಪ್ಪ್ಯಕು, 800 ಹಪ್ಪ್ಯಕು, 3000 ಸಂಜೆನ್, 8000 ಹಸ್ಸೆನ್.

## ಮುಂದುವರಿದವರಿಗೆ

ಹೊನ್ ಅಂದ್ರೆ ಉದ್ದನೆಯದು ಅಂದಿರಿ. ಫೋನ್ ಕರೆಗೂ ಹೊನ್ ಅಂತಾರಲ್ಲ?

ಹೌದು. ಪೆನ್ಸಿಲ್, ಛತ್ರಿ, ಬಾಟಲಿ, ಮರ, ನದಿ, ರಸ್ತೆ, ಬಿಡಿ ಬಾಳೆಹಣ್ಣು, ಇವೆಲ್ಲ ಕಣ್ಣಿಗೆ ಉದ್ದ. ಆಮೇಲೆ ಅರ್ಥ ಹಿಗ್ಗಿತು. ತಂತಿಯಲ್ಲಿ ಹಾದುಬರುವ ಫೋನ್ ಕರೆ, ರೀಲಿನಲ್ಲಿ ಬರುತ್ತಿದ್ದ ಸಿನಿಮಾ, ಗಂಟೆಗೆ ಎಷ್ಟು ಬಸ್ಸು ಎಂಬ ಲೆಕ್ಕ, ಬೇಸ್‌ಬಾಲ್‌ನ ಹೋಮ್ ರನ್ ಕೂಡಾ ಹೊನ್. ಒಂದು ಕಡೆಯಿಂದ ಇನ್ನೊಂದು ಕಡೆಗೆ ಗೆರೆ ಎಳೆದ ಹಾಗೆ ಸಾಗುವುದೆಲ್ಲ ಇದರೊಳಗೆ ಬಂತು. ಹೊನ್ ಎಂದರೆ ಪುಸ್ತಕ ಎಂಬ ಪದವೂ ಇದೆ, ಆದರೆ ಪುಸ್ತಕವನ್ನು ಹೊನ್ ಹಾಕಿ ಎಣಿಸುವುದಿಲ್ಲ. ಅದಕ್ಕೆ ಸತ್ಸು.

ಟೋಕಿಯೊದ ರೊಪ್ಪೊಂಗಿ ಹೆಸರು ಕೇಳಿರುತ್ತೀರಿ. ರೊಪ್ಪೊನ್ ಎಂದರೆ ಆರು, ಗಿ ಎಂದರೆ ಮರ. ಆರು ಮರಗಳ ಜಾಗ. ಆರರ ಒತ್ತು ಮರೆತಾಗಲೆಲ್ಲ ಆ ಹೆಸರು ನೆನೆಸಿಕೊಳ್ಳಿ.

ಪ್ರಾಣಿಗಳಲ್ಲಿ ಹಿಕಿ, ತೋ, ವ. ಗಡಿ ಎಲ್ಲಿದೆ?

ನೀವು ಎತ್ತಿಕೊಳ್ಳಬಹುದಾದರೆ ಹಿಕಿ, ಅದು ನಿಮ್ಮನ್ನು ಹೊತ್ತುಕೊಳ್ಳಬಹುದಾದರೆ ತೋ. ಬೆಕ್ಕು, ಮೀನು, ಜೀರುಂಡೆ ಹಿಕಿ. ಹಸು, ಕುದುರೆ, ಆನೆ ತೋ. ಹಕ್ಕಿಗೆ ವ, ವಿಚಿತ್ರವೆಂದರೆ ಮೊಲಕ್ಕೂ ವ. ನಾಲ್ಕು ಕಾಲಿನ ಪ್ರಾಣಿ ತಿನ್ನಬಾರದೆಂಬ ಕಟ್ಟು ಇದ್ದ ಬೌದ್ಧ ಭಿಕ್ಷುಗಳು ಮೊಲವನ್ನು ಹಕ್ಕಿ ಎಂದು ಕರೆದು ತಿಂದರು ಎನ್ನುವ ಕಥೆ ಇದೆ. ಈಗ ಮೊಲಕ್ಕೆ ಹಿಕಿ ಎಂದರೂ ಯಾರೂ ತಪ್ಪು ಹಿಡಿಯುವುದಿಲ್ಲ.

ಮೀನು ಮಾರ್ಕೆಟ್ಟಿಗೆ ಬಂದ ಮೇಲೆ ಎಣಿಕೆಯೂ ಬದಲಾಗುತ್ತದೆ. ಈಜುವ ಮೀನು ಇಪ್ಪಿಕಿ. ಕತ್ತರಿಸಿದ ತುಂಡು ಹಿತೊಕಿರೆ. ಅಂಗಡಿಯ ಸ್ಕ್ವಿಡ್ ಇಪ್ಪಇ.

ನಾಲಿಗೆ ಪಳಗಿಸಲು ಅವರದೇ ಒಂದು ಆಟದ ಮಾತು: "ನಿವ ನಿ ವ ನಿವ ನಿವತೊರಿ ಗ ಇರು." ಅಂಗಳದಲ್ಲಿ ಎರಡು ಕೋಳಿ ಇವೆ ಎಂದು ಅರ್ಥ. ಮೊದಲ ನಿವ ಅಂಗಳ, ಎರಡನೆಯ ನಿವ ಎರಡು ಹಕ್ಕಿ.

ಜುಪ್ಪೊನ್ ಅಂದ್ರೆ ನಮ್ಮ ಪುಸ್ತಕದಲ್ಲಿ ಜಿಪ್ಪೊನ್ ಅಂತ ಇದೆ. ಯಾವುದು ಸರಿ?

ಎರಡೂ. ಹಳೆಯ ರೂಪ ಜಿಪ್ಪೊನ್. ಬೀದಿಯಲ್ಲಿ, ಮನೆಯಲ್ಲಿ ಕೇಳುವುದು ಹೆಚ್ಚಾಗಿ ಜುಪ್ಪೊನ್. ಜಪಾನ್ ಸರ್ಕಾರ 2010ರಲ್ಲಿ ದಿನಬಳಕೆಯ ಕಾಂಜಿ (ಚೀನೀ ಮೂಲದ ಅಕ್ಷರ) ಪಟ್ಟಿಯನ್ನು ಪರಿಷ್ಕರಿಸಿದಾಗ ಜು ರೂಪವನ್ನೂ ಒಪ್ಪಿ ಟಿಪ್ಪಣಿ ಸೇರಿಸಿತು. ಮಾತಿನಲ್ಲಿ ಜುಪ್ಪೊನ್ ಅನ್ನಿ, ಪುಸ್ತಕದಲ್ಲಿ ಜಿಪ್ಪೊನ್ ಕಂಡರೆ ಗಾಬರಿ ಬೇಡ.

ಇಪ್ಪತ್ತು ವರ್ಷಕ್ಕೆ ನಿಜುಸ್ಸಇ ಅನ್ನಬಾರದಾ?

ತಪ್ಪೇನಲ್ಲ, ಆದರೆ ಹತಚಿ ಎನ್ನುವುದೇ ರೂಢಿ. ಹತ್ಸುಕದಲ್ಲಿ ಇರುವ ಅದೇ ಹಳೆಯ ಇಪ್ಪತ್ತು ಇಲ್ಲಿಯೂ ಇದೆ. 2022ರ ಏಪ್ರಿಲ್‌ನಿಂದ ಕಾನೂನಿನ ಪ್ರಕಾರ ವಯಸ್ಕರಾಗುವುದು 18ಕ್ಕೆ. ಆದರೂ ಮದ್ಯ ಕುಡಿಯಲು ಹತಚಿ ಆಗಲೇಬೇಕು, ಊರೂರಲ್ಲಿ ಯುವಜನರನ್ನು ಸೇರಿಸಿ ಮಾಡುವ ಸಮಾರಂಭವೂ ಹೆಚ್ಚಿನ ಕಡೆ ಹತಚಿಯವರಿಗೇ.

ಅಂಗಡಿ ಬೋರ್ಡಿನಲ್ಲಿ 29 ಅಂತ ದೊಡ್ಡದಾಗಿ ಬರೆದಿರ್ತಾರೆ. ಏನದು?

ನಿ ಮತ್ತು ಕು ಸೇರಿದರೆ ನಿಕು, ಮಾಂಸ. ತಿಂಗಳ 29ರಂದು ಮಾಂಸದ ಅಂಗಡಿಗಳಲ್ಲಿ ರಿಯಾಯಿತಿ ಸಿಗುವುದುಂಟು. ಅಂಕಿಗಳಿಗೆ ಎರಡು ಮೂರು ಉಚ್ಚಾರ ಇರುವುದರ ಲಾಭ ಇದು. 4649 ಯೊರೊಶಿಕು, ಪರಿಚಯ ಆದಾಗ ಹೇಳುವ ಮರ್ಯಾದೆಯ ಮಾತು. 39 ಸಂಕ್ಯೂ, ಇಂಗ್ಲಿಷಿನ ಥ್ಯಾಂಕ್ಯೂ. ಆಗಸ್ಟ್ 31 ತರಕಾರಿ ದಿನ, ಯಾಕೆಂದರೆ 8, 3, 1 ಓದಿದರೆ ಯಸಇ, ತರಕಾರಿ. ಶಿ, ಯೊ, ಯೊನ್ ಎಲ್ಲ ಯಾಕೆ ಬೇಕು ಎಂದು ಬೇಜಾರಾದಾಗ ಈ ಆಟ ಆಡಿ. ಪೊಲೀಸರ 110ಕ್ಕೆ ಹ್ಯಕು ತೋ ಬನ್ ಎನ್ನುತ್ತಾರೆ. ನೂರು ಚೀನೀ ಸಾಲಿನದು, ಹತ್ತು ಸ್ವಂತ ಸಾಲಿನದು.

ಹೇಳಲು ಬರುತ್ತೆ. ಆದರೆ ಕ್ಯಾಶ್ ಕೌಂಟರಿನಲ್ಲಿ ಅವರು ಬೆಲೆ ಹೇಳಿದರೆ ಒಂದೂ ಹಿಡಿಯಲ್ಲ. ಏನು ಮಾಡಲಿ?

ಹೇಳುವುದನ್ನೂ ಕೇಳುವುದನ್ನೂ ಬೇರೆ ಬೇರೆ ಅಭ್ಯಾಸ ಮಾಡಬೇಕು. ಮೊದಲು ಸ್ವರಗಳು ಎಲ್ಲಿ ಮಾಯವಾಗುತ್ತವೆ ಎಂದು ತಿಳಿಯಿರಿ. ಹಿತೊತ್ಸುವಿನ ಹಿ, ಫುತತ್ಸುವಿನ ಫು ಪಿಸುಮಾತಿನ ಹಾಗೆ ಹೋಗುತ್ತವೆ. ಹ್ತೊತ್ಸು, ಫ್ತತ್ಸು ಎಂದು ಕೇಳಿಸುತ್ತದೆ. ದೆಸು ಎಂಬುದು ದೆಸ್ ಆಗುವುದೂ ಹೀಗೇ.

ಆಮೇಲೆ ಒತ್ತು ಮತ್ತು ದೀರ್ಘದ ಮೇಲೆ ಕಿವಿ ಇಡಿ. ಬೆಲೆಯಲ್ಲಿ ಪ್ಪ್ಯಕು ಕೇಳಿದರೆ ಅದು 600 ಇಲ್ಲವೇ 800. ಬ್ಯಕು ಕೇಳಿದರೆ 300. ಮಿಕ್ಕದ್ದೆಲ್ಲ ಹ್ಯಕು. ಅಷ್ಟರಲ್ಲೇ ಅರ್ಧ ಕೆಲಸ ಆಯಿತು.

ನಮ್ಮ ತರಗತಿಯಲ್ಲಿ ಮಾಡುವ ಒಂದು ಅಭ್ಯಾಸ ಹೇಳುತ್ತೇನೆ. ಮನೆಯಲ್ಲಿರುವ ಹಳೆಯ ಬಿಲ್ಲುಗಳನ್ನು ಒಂದು ಡಬ್ಬಿಗೆ ಹಾಕಿ. ಒಬ್ಬರು ಚೀಟಿ ಎತ್ತಿ ಮೊತ್ತವನ್ನು ಜಪಾನೀಯಲ್ಲಿ ಓದಬೇಕು, ಇನ್ನೊಬ್ಬರು ನೋಡದೆ ಅಂಕಿಯಲ್ಲಿ ಬರೆಯಬೇಕು. 1,386 ಬಂದರೆ ಸೆನ್ ಸಂಬ್ಯಕು ಹಚಿಜೂರೊಕು. 8,640 ಬಂದರೆ ಹಸ್ಸೆನ್ ರೊಪ್ಪ್ಯಕು ಯೊಂಜೂ. ಒಬ್ಬರೇ ಇದ್ದರೆ ಮೊಬೈಲಿನಲ್ಲಿ ನಿಮ್ಮದೇ ದನಿ ರೆಕಾರ್ಡ್ ಮಾಡಿ, ಮರುದಿನ ಬಸ್ಸಿನಲ್ಲಿ ಕೇಳಿ ಬರೆಯಿರಿ. ದಿನಕ್ಕೆ ಇಪ್ಪತ್ತು ಚೀಟಿ ಸಾಕು.